ಬದಲಿ ಕೊಟ್ಟರೆ ರಜೆ

ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೂ ಒಂದು ಮೈ ಇದೆ, ಆ ಮೈಗೆ ಒಂದು ಮನೆ ಇದೆ ಎಂಬ ಸಂಗತಿ ನಾಲ್ಕು ಜನ ದೊಡ್ಡವರಿಗೆ ಹೊಸದಾಗಿ ತಿಳಿದಾಗಲೆಲ್ಲ ಇಂಥವು ನಡೆಯುತ್ತವೆ. ನಾನು ಕಂಡವು ಪುಣೆಯಲ್ಲಿ, ಸದಾಶಿವ ಪೇಠದ ಹಳೆಯ ವಠಾರದಂಥ ಒಂದು ವಾಡೆಯ ಮಹಡಿಯ ಮೇಲೆ, ತೊಂಬತ್ತರ ದಶಕದ ಕೊನೆಗೆ ನಡೆದವು. ಬೇರೆ ಕಡೆ ಬೇರೆ ಥರ ನಡೆಯುತ್ತದೆಂದು ನಂಬಲು ನನಗೆ ಇನ್ನೂ ಕಾರಣ ಸಿಕ್ಕಿಲ್ಲ.

೧. ಕೇಳಿದವರಿಲ್ಲ

ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಗಂಡನ ನೌಕರಿಯ ಹಿಂದೆ ಪುಣೆಗೆ ಬಂದು, ಆ ಪದವಿಗೆ ತಕ್ಕ ಕೆಲಸ ಎಲ್ಲೂ ಇಲ್ಲವೆಂದು ಖಚಿತವಾದ ಮೇಲೆ ನಾನು ಒಂದು ಪಾಳಣಾಘರದ ಮೇಲ್ವಿಚಾರಕಿಯಾದೆ. ಪಾಳಣಾಘರವೆಂದರೆ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯುವ ಜಾಗ. ನಮ್ಮ ಬಾಗಿಲಲ್ಲಿ ಒಂದು ಫಲಕವಿತ್ತು: "ತಂದ ಮಗುವನ್ನೇ ಒಯ್ಯತಕ್ಕದ್ದು." ಪೇಠದವರು ಫಲಕ ಬರೆಯುವಾಗ ಯಾವ ಸಾಧ್ಯತೆಯನ್ನೂ ಬಿಡುವುದಿಲ್ಲ.

ಅದನ್ನು ನಡೆಸುತ್ತಿದ್ದದ್ದು ನಿವೃತ್ತರ ಒಂದು ಸಮಿತಿ. ಅದರಲ್ಲಿ ಮಾತಾಡುತ್ತಿದ್ದವರು ಇಬ್ಬರೇ: ಬ್ಯಾಂಕಿನಿಂದ ನಿವೃತ್ತರಾದ ಅಧ್ಯಕ್ಷರು ಮತ್ತು ರೋಗಿಗಳಿಂದ ನಿವೃತ್ತರಾದ ಒಬ್ಬ ಡಾಕ್ಟರು. ಮಾತೆಲ್ಲ ಮರಾಠಿಯಲ್ಲಿ.

"ನೀವು ಕಲಿತವರು. ಆಯಾಗಳಿಗೆ ಕಾಯಿಲೆ ರಜೆ, ವಾರ್ಷಿಕ ರಜೆ, ಎಲ್ಲ ನ್ಯಾಯವಾಗಿರುವಂಥ ನಿಯಮ ಬರೆದುಕೊಡಿ" ಎಂದರು ಅಧ್ಯಕ್ಷರು.

"ಇಲ್ಲಿಯವರೆಗೆ ಏನಿತ್ತು?"

"ರಜೆ ಕೇಳಿದಳೆಂದು ನಾವು ಯಾರನ್ನೂ ಎಂದೂ ಕೆಲಸದಿಂದ ತೆಗೆದಿಲ್ಲ" ಎಂದರು, ಹೆಮ್ಮೆಯಿಂದ.

ಸುದ್ದಿ ತಿಳಿದು ಮೊದಲು ನನ್ನ ಬಳಿ ಬಂದವಳು ಹಿರಿಯ ಆಯಾ. ಮಕ್ಕಳು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದವು; ಹಾಗಾಗಿ ಎಲ್ಲರೂ ಹಾಗೇ ಎನ್ನುತ್ತಿದ್ದರು. ಯಾದಗಿರಿ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಗಂಡ ಸತ್ತ ಮೇಲೆ ಇಲ್ಲಿ ಸೇರಿದ್ದಳು.

"ಅಕ್ಕಾರ, ನನ್ನ ಮಗಳದು ಚೊಚ್ಚಲ ಬಸರು. ದೀಪಾವಳಿ ಮುಂದ ಹಡೀತಾಳ. ಬಾಣಂತನಕ್ಕ ಒಂದ ತಿಂಗಳ ರಜಾ ಸಿಗೂಹಂಗ ಬರೀರಿ."

"ಊರಿಗೆ ಹೋಗ್ತೀಯೇನು?"

"ಊರಾಗ ಯಾರ ಅದಾರ್ರಿ? ಆಕಿಗೆ ತವರಮನಿ ಅಂದ್ರ ನಾನಽ. ಪರ್ವತಿ ಗುಡ್ಡದ ಬುಡಕ್ಕ ನಂದೊಂದ ಖೋಲಿ ಅದ, ಅಲ್ಲಿಗೇ ಕರಕೊಂಡ ಬರ್ತೀನಿ." ಸ್ವಲ್ಪ ತಡೆದು ಹೇಳಿದಳು: "ಹಾಲ ಬಿಡಿಸಿ ಆಕಿನ್ನ ಊರಾಗ ನನ್ನವ್ವನ ಕಡೆ ಒಗದ ಬಂದಾಕಿ ನಾನು. ಮಂದಿ ಕೂಸುಗಳಿಗೆ ಎಣ್ಣಿ ಹಚ್ಚಿ ಎರದ ಎರದ ಅಂಗೈ ಗೆರಿ ಅಳಸ್ಯಾವು. ನನ್ನ ಕೂಸಿಗೆ ಎರದಿಲ್ಲ. ಬಾಣಂತನದಾಗ ಮಗಳಿಗೂ ಎರೀತಾರಲ್ರಿ. ಈಗರೆ ಎರೀತೀನಿ."

ಇದಕ್ಕೆ ಮುಂಚೆ ಯಾಕೆ ಯಾವ ರಜೆಯನ್ನೂ ಕೇಳಲಿಲ್ಲ ಎಂದೆ.

"ಕೇಳಿದ್ರ ತಗದ ಹಾಕ್ತಾರಂತ್ರಿ."

"ಯಾರನ್ನೂ ತೆಗೆದಿಲ್ಲ ಅಂತಾರಲ್ಲ?"

"ಯಾರೂ ಕೇಳಿಲ್ಲಲ್ರಿ, ಯಾರನ್ನ ತಗೀತಾರ?"

೨. ಯಾರಿಂದ ಬಂತು

ಕಾಯಿಲೆ ರಜೆಯ ಕರಡಿಗೆ ಡಾಕ್ಟರು ಒಂದು ಷರತ್ತು ಸೇರಿಸಿದರು. ಇಲ್ಲಿಯ ಮಗುವಿನಿಂದ ತಗುಲಿದ ಕಾಯಿಲೆಗೆ ಸಂಬಳದ ರಜೆ. ಮನೆಯಿಂದ ತಂದ ಕಾಯಿಲೆಗೆ ಇಲ್ಲ. ಯಾವ ಮಗುವಿನಿಂದ ಬಂತೆಂದು ಆಯಾ ಹೇಳಬೇಕು. ಆ ಮಗು ಗುಣವಾಗುವ ತನಕ ಮನೆಯಲ್ಲಿರಬೇಕು. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತಿತ್ತು. ಕಾಗದದ ಮೇಲೆ ಏನು ಬೇಕಾದರೂ ಹಾಗೆ ಕಾಣುತ್ತದೆ.

ಮಳೆಗಾಲದಲ್ಲಿ ಕಣ್ಣುಬೇನೆ ಬಂತು. ಮೊದಲು ತಂದದ್ದು, ತಳೇಗಾಂವದ ಒಂದು ಕಾರ್ಖಾನೆಗೆ ಲೋಕಲ್ ರೈಲು ಹಿಡಿದು ಹೋಗುತ್ತಿದ್ದ ಒಬ್ಬ ತಾಯಿಯ ಮಗಳು. ಮಗುವಿನ ಕಣ್ಣಿಗೆ ದಪ್ಪಗೆ ಕಾಡಿಗೆ ಮೆತ್ತಿ, ದೃಷ್ಟಿಯಾಗಬಾರದೆಂದು ಹಚ್ಚಿದ್ದೇನೆ ಎಂದು ಹೇಳಿ, ನಮ್ಮ ಮುಖ ನೋಡದೆ ತಾಯಿ ಮೆಟ್ಟಿಲಿಳಿದಿದ್ದಳು. ಕಾಡಿಗೆಯ ಕೆಳಗೆ ಏನಿದೆಯೆಂಬುದು ಮಾವಶಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸ್ವಲ್ಪ ದಿನದಲ್ಲಿ ಮಾವಶಿಯ ಎರಡೂ ಕಣ್ಣು ದಾಸವಾಳವಾದವು.

"ಯಾವ ಮಗುವಿನಿಂದ ಬಂತು?" ಡಾಕ್ಟರು ಕೇಳಿದರು.

"ಅಧ್ಯಕ್ಷ ಸಾಹೇಬರ ಮೊಮ್ಮಗನಿಂದ."

ಅಧ್ಯಕ್ಷರ ಮೊಮ್ಮಗನೂ ನಮ್ಮಲ್ಲೇ ಇರುತ್ತಿದ್ದ. ಅವನ ಕಣ್ಣು ಹಾಲಿನಷ್ಟು ಬೆಳ್ಳಗಿತ್ತು. "ಅವನಿಗೇನೂ ಆಗಿಲ್ಲವಲ್ಲ!" ಎಂದರು ಅಧ್ಯಕ್ಷರು.

"ಆಗುತ್ತದೆ, ಸಾಹೇಬರೇ" ಎಂದಳು ಮಾವಶಿ.

ಆಯಿತು ಕೂಡ. ಅವನನ್ನು ಮನೆಯಲ್ಲಿ ಇಟ್ಟುಕೊಂಡ ಎರಡನೆಯ ದಿನವೇ ಷರತ್ತು ಬಿದ್ದುಹೋಯಿತು. ಆದರೆ ಕಾಯಿಲೆ ರಜೆ ಮುಂದಿನ ತಿಂಗಳಿಂದ ಜಾರಿ ಎಂದು ತೀರ್ಮಾನವಾದ್ದರಿಂದ, ಮಾವಶಿ ಕಣ್ಣು ಮುಚ್ಚಿ ಮಲಗಿದ ವಾರವನ್ನು ಆಗಲೇ ಮಂಜೂರಾಗಿದ್ದ ಅವಳ ವಾರ್ಷಿಕ ರಜೆಯಿಂದ ಕಳೆದರು. ಬಾಣಂತನಕ್ಕೆಂದು ಅವಳು ಮುಟ್ಟದೆ ಇಟ್ಟುಕೊಂಡಿದ್ದ ರಜೆ ಅದು.

ಅಷ್ಟು ಮಕ್ಕಳಲ್ಲಿ ಆ ಹುಡುಗನೇ ಯಾಕೆ ಎಂದು ಆಮೇಲೆ ಕೇಳಿದೆ.

"ಬ್ಯಾರೆ ಯಾ ಕೂಸಿನ ಹೆಸರ ಹೇಳಿದ್ರೂ ಅದರವ್ವ ಕೆಲಸಾ ಕಳಕೊಂಡ ಮನ್ಯಾಗ ಕುಂಡ್ರಬೇಕಾಗ್ತದ್ರಿ. ಸಾಹೇಬ್ರು ಹ್ಯಾಂಗೂ ಕುಂತಾರಲ್ಲ."

೩. ಕೆಳಗಿನ ಮನೆಯ ನಿದ್ದೆ

ಮಗಳು ಬರುವ ದಿನ ಮಾವಶಿ ಊಟದ ಹೊತ್ತಿಗೆ ಸ್ಟೇಷನ್ನಿಗೆ ಹೋದಳು. ಆ ಮಧ್ಯಾಹ್ನ ಒಂದು ಮಗುವೂ ಮಲಗಲಿಲ್ಲ. ಉಳಿದ ಆಯಾಗಳು ತಟ್ಟಿದರು, ತೂಗಿದರು, ಹಾಡಿದರು. ನಾನು ಬಾಲಮನಶ್ಶಾಸ್ತ್ರದಲ್ಲಿ ಓದಿದ್ದನ್ನು ಪ್ರಯೋಗಿಸಿದೆ. ಆಮೇಲೆ ಅಳು ಹೆಚ್ಚಾಯಿತು.

ಸದಾಶಿವ ಪೇಠದಲ್ಲಿ ಮಧ್ಯಾಹ್ನದ ನಿದ್ದೆ ಎಂದರೆ ಸಂಧ್ಯಾವಂದನೆ ತಪ್ಪಿದರೂ ತಪ್ಪಬಾರದ್ದು. ಕೆಳಗಿನ ಮನೆಯ ಅಜ್ಜ ಬನಿಯನ್ನಿನಲ್ಲೇ ಮೇಲೆ ಬಂದರು. "ಆ ಹೆಂಗಸೆಲ್ಲಿ?"

"ಅರ್ಧ ದಿನ ರಜೆ."

"ಯಾರನ್ನು ಕೇಳಿ ಕೊಟ್ಟಿರಿ?"

"ಅಧ್ಯಕ್ಷರನ್ನು."

"ಅವರು ಪಕ್ಕದ ಗಲ್ಲಿಯಲ್ಲಿ ಮಲಗುತ್ತಾರೆ. ನಾನು ಇಲ್ಲಿ ಮಲಗುತ್ತೇನೆ."

ಮಗಳನ್ನು ಸರಕಾರಿ ಆಸ್ಪತ್ರೆಗೆ ತೋರಿಸುವ ದಿನ ಮತ್ತೆ ಅರ್ಧ ದಿನ ಬೇಕಾಯಿತು. ಈ ಸಲ ಮಾವಶಿ ತಾನು ಉಟ್ಟು ಬಿಟ್ಟ ಹಳೆಯ ಸೀರೆಯನ್ನು ಚಾಪೆಗಳ ಮೇಲೆ ಉದ್ದಕ್ಕೆ ಹಾಸಿ ಹೋದಳು. ಮಕ್ಕಳು ಅದರ ಒಂದೊಂದು ಮೂಲೆ ಹಿಡಿದು ಮೂಗಿಗೊತ್ತಿಕೊಂಡು ಸಾಲಾಗಿ ಮಲಗಿಬಿಟ್ಟವು. ಅಧ್ಯಕ್ಷರು ಬಹಳ ಹೊತ್ತು ಬಾಗಿಲಲ್ಲಿ ನಿಂತು ನೋಡಿದರು.

"ಸೀರೆಯೇ ಸಾಕಾಗುವುದಾದರೆ ಸಂಬಳದ ವಿಷಯವನ್ನು ಒಮ್ಮೆ ಯೋಚಿಸಬೇಕು" ಎಂದರು.

೪. ಹೆತ್ತವಳನ್ನು ಹೆತ್ತವಳು

ಹೆರಿಗೆಯಾಯಿತು, ಗಂಡು. ಆಸ್ಪತ್ರೆಯಲ್ಲಿ ಕಾಯುವುದರಲ್ಲೇ ಮಾವಶಿಯ ವಾರ್ಷಿಕ ರಜೆ ತೀರಿಹೋಯಿತು. ಬಾಣಂತನದ ತಿಂಗಳಿಗಾಗಿ ಸಮಿತಿ ಸೇರಿತು. ನಾನು ನಿಯಮದಲ್ಲಿ ಒಂದು ಸಾಲು ಬರೆದಿದ್ದೆ: ಮಗಳ ಬಾಣಂತನಕ್ಕೆ ತಾಯಿಗೆ ರಜೆ.

ಡಾಕ್ಟರು ಕನ್ನಡಕ ತೆಗೆದರು. "ಹೆತ್ತವಳಿಗೆ ರಜೆ, ಒಪ್ಪಿದೆ. ಹೆತ್ತವಳನ್ನು ಹೆತ್ತವಳಿಗೆ ಎಲ್ಲಿದೆ? ನಾಳೆ ಅವಳನ್ನು ಹೆತ್ತವಳು ಬಂದು ನಿಂತರೆ?"

"ಬರುವುದಿಲ್ಲ, ಸಾಹೇಬರೇ" ಎಂದಳು ಬಾಗಿಲಲ್ಲಿದ್ದ ಮಾವಶಿ. "ನನ್ನವ್ವ ಸತ್ತು ಎರಡು ವರ್ಷವಾಯಿತು."

ಅಧ್ಯಕ್ಷರು ಕೆಟ್ಟವರಲ್ಲ. ಮೆತ್ತಗಾದರು. "ಆಗ ಎಷ್ಟು ದಿನ ಹೋಗಿದ್ದೆ?"

"ಹೋಗಲಿಲ್ಲ. ಸುದ್ದಿ ಹೇಳಿದಾಗ ನೀವೇ ಅಂದಿರಿ, ನೀನು ಊರು ಮುಟ್ಟುವುದರೊಳಗೆ ಮಣ್ಣಾಗಿರುತ್ತದೆ, ಹೋಗಿ ಏನು ಮಾಡುತ್ತೀ ಎಂದು."

ಅಧ್ಯಕ್ಷರು ನಿಯಮದ ಕಾಗದವನ್ನು ಹತ್ತಿರಕ್ಕೆಳೆದುಕೊಂಡು, "ಅಂದಮೇಲೆ ಆ ರಜೆ ಇವಳಿಗೆ ಬರಬೇಕಾದದ್ದು ಉಳಿದೇ ಇದೆ. ಅದನ್ನೇ ಈಗ ಕೊಟ್ಟುಬಿಟ್ಟರೆ?" ಎಂದರು. ನನಗೆ ಅವರ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ಡಾಕ್ಟರು ಅಡ್ಡಡ್ಡ ತಲೆಯಾಡಿಸಿದರು. "ಸಾವಿನ ರಜೆಯನ್ನು ಹುಟ್ಟಿಗೆ ಬಳಸಲು ಬರುವುದಿಲ್ಲ."

೫. ಬದಲಿ

ಕೊನೆಗೆ ಅಧ್ಯಕ್ಷರೇ ದಾರಿ ಹುಡುಕಿದರು: ನಂಬಿಕೆಯ ಬದಲಿಯೊಬ್ಬಳನ್ನು ತಾನೇ ತಂದು ನಿಲ್ಲಿಸುವ ಆಯಾ ಒಂದು ತಿಂಗಳು ರಜೆ ಹೋಗಬಹುದು. ಬದಲಿ ಇಲ್ಲದೆ ಯಾರೂ ಜಾಗ ಬಿಡುವಂತಿಲ್ಲ. ಎಲ್ಲರಿಗೂ ಒಂದೇ ನಿಯಮ, ಆದ್ದರಿಂದ ನ್ಯಾಯ. ಒಮ್ಮತದಿಂದ ಪಾಸಾಯಿತು, ಬಾಕರವಡಿ ತಿಂದರು.

ಸೋಮವಾರ ಬೆಳಿಗ್ಗೆ ಬದಲಿ ಬಂದಳು. ಸಣ್ಣ ವಯಸ್ಸಿನ ಹುಡುಗಿ, ಬಿಳಚಿದ ಮುಖ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಧ್ಯಕ್ಷರಿಗೆ ಮೆಚ್ಚುಗೆಯಾಯಿತು. "ಸ್ವಚ್ಛವಾಗಿದ್ದಾಳೆ. ಮಾತಿಲ್ಲ." ನಾನು ನೋಡಿದ್ದು ಬೇರೆ. ಕಿವಿಗೆ ಹತ್ತಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಮೈಯೆಲ್ಲ ಲೋಬಾನದ ವಾಸನೆ. ನಮ್ಮ ಕಡೆಯ ಯಾರಿಗೂ ಇದು ಏನೆಂದು ಹೇಳಬೇಕಾಗಿಲ್ಲ.

"ನೀ ಮಾವಶಿ ಮಗಳೇನು?"

"ಹೌದ್ರಿ."

"ನಿನ್ನ ಬಾಣಂತನಕ್ಕಂತಽ ನಿಮ್ಮವ್ವ ರಜಾ ತಗೊಂಡಾಳ!"

"ಹೌದ್ರಿ. ಬ್ಯಾರೆ ಯಾರೂ ಸಿಗಲಿಲ್ರಿ. ನಮ್ಮ ಓಣ್ಯಾಗಿನವ್ರೆಲ್ಲ ಕೆಲಸಕ್ಕ ಹೋಗ್ತಾರ. ಸುಮ್ಮ ಕುಂತಾಕಿ ನಾನೊಬ್ಬಾಕಿನಽ ಇದ್ನಿ."

ಅಧ್ಯಕ್ಷರಿಗೆ ಹೇಳಿದೆ. ಅವರು ನಿಯಮ ತೆಗೆದು ಓದಿದರು. ಬದಲಿ ಯಾರಾಗಿರಬಾರದು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಮಕ್ಕಳ ಮೇಲೆ ಮಮತೆ ಇರಬೇಕೆಂದಿತ್ತು, ಅದಿತ್ತು. ಕೂಸನ್ನು ಕರೆತರಬಹುದೇ ಎಂದರೆ, ಸಿಬ್ಬಂದಿಯ ಮಕ್ಕಳಿಗೆ ಪ್ರವೇಶವಿಲ್ಲ.

ಹುಡುಗಿ ಕೆಲಸ ಮಾಡಿದಳು. ಒಂದು ಮಗು ಅತ್ತಾಗಲೆಲ್ಲ ಅವಳ ರವಿಕೆ ಒದ್ದೆಯಾಗುತ್ತಿತ್ತು. ಸೆರಗು ಎಳೆದುಕೊಂಡು, ಮಗುವನ್ನೆತ್ತಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಹತ್ತಿರ ಹೋದ ಒಬ್ಬ ಪುಟ್ಟ ಹುಡುಗ, "ಹಾಲು ಚೆಲ್ಲಿದೆ" ಎಂದು ನನಗೆ ಚಾಡಿ ಹೇಳಿದ.

ಊಟದ ಹೊತ್ತಿಗೆ ಕೆಳಗೆ ವಾಡೆಯ ಬಾಗಿಲಲ್ಲಿ ಇನ್ನೊಂದು ಅಳು ಕೇಳಿಸಿತು. ಬೇರೆ ಅಳು, ಎಳೆಯದು. ಹುಡುಗಿ ಎದ್ದು ನಿಂತಳು. ಕಿಟಕಿಯಿಂದ ನೋಡಿದರೆ ಮಾವಶಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು.

"ಅಕ್ಕಾರ, ಒಂದೀಟ ಕೆಳಗ ಹೋಗಿ ಬರ್ತೀನ್ರಿ."

ನಾನು ಹೋಗು ಎನ್ನುವುದರೊಳಗೆ ಅಧ್ಯಕ್ಷರು ಬೆರಳೆತ್ತಿದರು. "ಬದಲಿ ಇಲ್ಲದೆ ಯಾರೂ ಜಾಗ ಬಿಡುವಂತಿಲ್ಲ. ನಿಯಮ ಬದಲಿಗೂ ಒಂದೇ."

ಹುಡುಗಿ ಕಿಟಕಿಗೆ ಹೋಗಿ ಕೂಗಿದಳು: "ಯವ್ವಾ, ಮ್ಯಾಲ ಬಾ. ನನಗ ಬದಲಿ ಬೇಕಂತ."

ಮೆಟ್ಟಿಲ ನಡುವೆ ಕೂಸು ಕೈ ಬದಲಾಯಿತು. ಹುಡುಗಿ ಅಲ್ಲೇ, ಕತ್ತಲ ತಿರುವಿನಲ್ಲಿ, ಕುಸಿದು ಕುಳಿತು ಎದೆಗೆ ಹಾಕಿಕೊಂಡಳು. ರಜೆಯ ಮೇಲಿದ್ದ ಮಾವಶಿ ತನ್ನ ಬದಲಿಗೆ ಬದಲಿಯಾಗಿ ಒಳಗೆ ಬಂದಳು. ಮಕ್ಕಳು ಕಿರುಚಿ ಮೈಮೇಲೆ ಬಿದ್ದವು. ಅಧ್ಯಕ್ಷರು ಸುತ್ತ ನೋಡಿ, "ನೋಡಿ, ಎಲ್ಲರೂ ಇದ್ದಾರೆ. ಯಾವ ಜಾಗವೂ ಖಾಲಿ ಬಿದ್ದಿಲ್ಲ" ಎಂದು ನನ್ನ ಬೆನ್ನು ತಟ್ಟುವಂತೆ ತಲೆಯಾಡಿಸಿ ಊಟಕ್ಕೆ ಹೋದರು.

ಮಾವಶಿ ಒಂದು ಮಗುವನ್ನು ಕಾಲ ಮೇಲೆ ಹಾಕಿಕೊಂಡು ತಟ್ಟತೊಡಗಿದಳು. ನನಗೆ ಕೇಳದಿರಲು ಆಗಲಿಲ್ಲ.

"ಮಗಳಿಗೆ ಎರದಿ?"

"ಕೂಸಿಗೆ ಎರದ್ನಿ. ಆಕಿಗೆ ನೀರ ಕಾಸಿ ಎಣ್ಣಿ ಹಚ್ಚೂದ್ರಾಗ ನಿಮ್ಮ ಬಾಗಲಾ ತಗಿಯೂ ಹೊತ್ತಾತ್ರಿ."

"ಮತ್ತ ಬಾಣಂತನ?"

ತಟ್ಟುವ ಕೈ ನಿಲ್ಲಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಲಗಿದ ಮಗು ಅಲುಗಾಡುವಷ್ಟು.

"ಎಲ್ಲಾ ಛಲೋ ನಡದದ್ರಿ ಅಕ್ಕಾರ. ಬಾಣಂತಿ ಒಬ್ಬಾಕಿಗೆ ರಜಾ ಸಿಕ್ಕಿಲ್ಲ, ಅಷ್ಟಽ."