ಅಕ್ಷತೆಯ ಫೋಟೋ

ಕನ್ನಡ ಸಂಘದ ಕೆಲಸಕ್ಕೆ ಇಳಿದವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆಗೆ ಬಂದು ಬಾಗಿಲು ಬಡಿಯುತ್ತದೆ. ನನ್ನಂಥ ಸಿಡುಕನಿಗೆ ಮೊದಲು ಸಿಟ್ಟು ಬರುತ್ತದೆ, ವಾರ ಕಳೆದ ಮೇಲೆ ನಗು.

ಕಾಶಿಯಲ್ಲಿ ಕನ್ನಡದವರು ಒಂದೇ ಕಡೆ ಇಲ್ಲ. ಜಂಗಮವಾಡಿ ಗಲ್ಲಿಗಳಲ್ಲಿ ಕೆಲವರು, ಯೂನಿವರ್ಸಿಟಿ ಕ್ವಾರ್ಟರ್ಸ್‌ನಲ್ಲಿ ಕೆಲವರು, ಅಸ್ಸಿ ಘಾಟ್ ಕಡೆ ಬಾಡಿಗೆ ಮನೆಗಳಲ್ಲಿ ಕೆಲವರು. ಎಲ್ಲರಿಗೂ ಸೇರಿ ಇರುವುದು ಒಂದೇ ಕೋಣೆ, ಜಂಗಮವಾಡಿಯ ಒಂದು ಸೀರೆ ಅಂಗಡಿಯ ಮೇಲಿನ ಮಹಡಿ. ಅಲ್ಲಿ ಪ್ರತಿ ಭಾನುವಾರ ಟೀಚರಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ವಿಜಯಪುರದ ಕಡೆಯವರು, ಗಂಡ ತೀರಿಕೊಂಡ ಮೇಲೂ ಊರಿಗೆ ಹೋಗದೆ ಉಳಿದವರು. ಮಕ್ಕಳು ಕನಸನ್ನೂ ಹಿಂದಿಯಲ್ಲೇ ಕಾಣುವ ಈ ಊರಿನಲ್ಲಿ ಅವರ ಪಾಠ ನಿಂತರೆ ಸಂಘದಲ್ಲಿ ಉಳಿಯುವುದು ಬರೀ ಲೆಟರ್‌ಹೆಡ್.

ಈ ವರ್ಷ ಅಂಗಡಿಯ ಸೇಠ್‌ಜೀ ನನ್ನನ್ನು ಕರೆದು ಕೂರಿಸಿದರು. ಬನಾರಸದಲ್ಲಿ ಹಾಲು ಮಾರುವವನನ್ನೂ ಗುರು ಅಂತಲೇ ಕರೆಯುವುದು. ಹಾಗಾಗಿ ನಾನೂ ಗುರು.

"ಗುರು, ವಾರವೆಲ್ಲ ಬೀಗ, ಭಾನುವಾರ ನಾಲ್ಕು ಮಕ್ಕಳು. ನನಗೋ ಸೀರೆ ಗಂಟು ಇಡಲು ಜಾಗವಿಲ್ಲ. ನಿಮ್ಮ ರಾಜ್ಯೋತ್ಸವದ ದಿನ ಮೇಲೆ ಬಂದು ನೋಡ್ತೀನಿ. ಕೋಣೆ ತುಂಬಿದ್ದರೆ ಅದು ನಿಮ್ಮದೇ. ಖಾಲಿ ಇದ್ದರೆ ಮರುದಿನದಿಂದ ಗೋದಾಮು."

ಮನುಷ್ಯ ಕೆಟ್ಟವರಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಜನ ಸೇರಿಸಬೇಕು, ಅಷ್ಟೇ. ಅಲ್ಲಿಂದ ಶುರುವಾಯಿತು ನಮ್ಮ ಸಂಘದ ಮೊಬೈಲ್ ಯುಗ.

ಎಲ್ಲರೂ ಅಡ್ಮಿನ್

ನಮ್ಮ ಅಧ್ಯಕ್ಷರು ಮೂಳೆ ಡಾಕ್ಟರು, ಮೈಸೂರಿನವರು, ಮೃದು ಮಾತು. ಸಭೆಯಲ್ಲಿ ಎದ್ದು ನಿಂತು, "ಈ ಕಾಲದಲ್ಲಿ ಜನ ಸೇರೋದು ವಾಟ್ಸಾಪ್‌ನಲ್ಲಿ ಕಣ್ರೀ. ನಾವೂ ಒಂದು ಗುಂಪು ಮಾಡೋಣ" ಎಂದರು.

"ಇಲ್ಲಿ ಕೂತಿರೋದು ಏನು ಮತ್ತೆ, ಗುಂಪಲ್ಲವಾ?" ಎಂದೆ ನಾನು.

"ನಿಮ್ಮದು ಯಾವಾಗಲೂ ಇದೇ" ಎಂದರು.

ಯಾರ ಫೋನಿನಲ್ಲಿ ಗುಂಪು ಕಟ್ಟುವುದು? ಎಲ್ಲರ ಫೋನೂ ಚಾರ್ಜಿಲ್ಲದೆ ಸತ್ತಿತ್ತು. ಟೀಚರಮ್ಮನ ಫೋನು ಮಾತ್ರ ಜೀವಂತ, ಯಾಕೆಂದರೆ ಅವರು ಅದನ್ನು ಬಳಸುವುದೇ ಇಲ್ಲ. ಅದರಲ್ಲೇ ಕಟ್ಟಿದರು. ಆಮೇಲೆ ಅಡ್ಮಿನ್ ಯಾರು ಎಂಬ ಚರ್ಚೆ. ಒಬ್ಬರನ್ನು ಮಾಡಿದರೆ ಇನ್ನೊಬ್ಬರಿಗೆ ಅವಮಾನ. ಚಹಾ ಬಂತು, ಮತ್ತೊಮ್ಮೆ ಚಹಾ ಬಂತು. ಕೊನೆಗೆ ಎಲ್ಲರನ್ನೂ ಅಡ್ಮಿನ್ ಮಾಡುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ನಮ್ಮ ಸಂಘದಲ್ಲಿ ಸರ್ವಾನುಮತ ಅಂದರೆ ಎಲ್ಲರಿಗೂ ಮನೆಗೆ ಹೋಗುವ ಹೊತ್ತಾಗಿದೆ ಎಂದು ಅರ್ಥ.

ಅಂದು ಸಂಜೆ ಯಾರೋ ತಮ್ಮ ಸೋದರಳಿಯನ ಬೈಕು ಮಾರಾಟಕ್ಕಿದೆ ಎಂದು ಹಾಕಿದರು. ಇದು ಸಂಘದ ಗುಂಪೋ ಸಂತೆಯೋ ಎಂದು ನಾನು ಬರೆದೆ. ಅವರು ನನ್ನನ್ನು ತೆಗೆದುಹಾಕಿದರು. ಸಂಘದ ಕಾರ್ಯದರ್ಶಿ ಬೈಕಿನವರನ್ನು ತೆಗೆದರು. ಬೈಕಿನವರ ಭಾವ ಕಾರ್ಯದರ್ಶಿಯನ್ನು ತೆಗೆದರು. "ದಯವಿಟ್ಟು ಶಾಂತಿ ಕಾಪಾಡಿ" ಎಂದು ಬರೆದ ಅಧ್ಯಕ್ಷರನ್ನೂ ಯಾರೋ ಕೈ ತಪ್ಪಿ ತೆಗೆದರು. ಉಳಿದವರು ಬೇಸರಪಟ್ಟು ತಾವಾಗಿಯೇ ಹೊರಟುಹೋದರು. ಗುಂಪು ಕಟ್ಟಿದವರನ್ನು ಮಾತ್ರ ತೆಗೆಯಲು ಬರುವುದಿಲ್ಲವಂತೆ.

ಮರುದಿನ ದಾರಿಯಲ್ಲಿ ಟೀಚರಮ್ಮ ಸಿಕ್ಕರು. "ನಿಮ್ ಗುಂಪು ಭಾಳ ಚಲೋ ಐತ್ರಿ. ನಿನ್ನಿಯಿಂದ ಒಬ್ಬರೂ ಪಿಟಕ್ ಅಂದಿಲ್ಲ" ಎಂದರು.

ಹೆಬ್ಬೆರಳು

ಎಲ್ಲರನ್ನೂ ಮತ್ತೆ ಸೇರಿಸಿದ್ದಾಯಿತು. ಅಧ್ಯಕ್ಷರು ಒಂದು ಭಾನುವಾರ ಪೂರ್ವಭಾವಿ ಕೂಟ ಇಟ್ಟು ಗುಂಪಿನಲ್ಲೇ ಸುದ್ದಿ ಹಾಕಿದರು. ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ಡಾಕ್ಟರೇಟು ಮಾಡಿದವರೆಲ್ಲ ಹೆಬ್ಬೆಟ್ಟು ಒತ್ತುವ ಕಾಲ ಇದು. ಕೈಮುಗಿದ ಚಿತ್ರ, ಹೂಗುಚ್ಛ, ಕುಣಿಯುವ ಗೊಂಬೆ. ಅದನ್ನೆಲ್ಲ ನಂಬಿ ಟೀಚರಮ್ಮ ದೊಡ್ಡ ಪಾತ್ರೆಯಲ್ಲಿ ಅವಲಕ್ಕಿ ಒಗ್ಗರಣೆ ಹಾಕಿದರು. ನಾನು ಜಮಖಾನೆ ಹಾಸಿದೆ.

ಒಬ್ಬರೂ ಬರಲಿಲ್ಲ, ಅಧ್ಯಕ್ಷರಿಗೂ ಅಂದೇ ಆಸ್ಪತ್ರೆಯಲ್ಲಿ ತುರ್ತು ಕೆಲಸ. ಇಡೀ ಪಾತ್ರೆ ಅವಲಕ್ಕಿ, ಎದುರಿಗೆ ನಾವಿಬ್ಬರು. ಕೊನೆಗೆ ಗಲ್ಲಿಯ ರಿಕ್ಷಾದವರನ್ನು ಕರೆದು ಬಡಿಸಿದೆವು.

ಸಿಟ್ಟು ನೆತ್ತಿಗೇರಿತ್ತು. ಸೀದಾ ಕ್ವಾರ್ಟರ್ಸ್‌ಗೆ ಹೋಗಿ, ಎಲ್ಲರಿಗಿಂತ ಮೊದಲು ಹೆಬ್ಬೆರಳು ಎತ್ತಿದ್ದ ಪ್ರೊಫೆಸರರ ಬಾಗಿಲಲ್ಲಿ ಕೂತೆ. ಧರಣಿ ನನಗೆ ಹೊಸದಲ್ಲ. ನೀರಿಗೆ, ಚರಂಡಿಗೆ, ಬೀದಿದೀಪಕ್ಕೆ ಕೂತಿದ್ದೇನೆ. ಅವಲಕ್ಕಿಗೆ ಕೂತಿದ್ದು ಅದೇ ಮೊದಲು.

"ಯಾಕೆ ಬರಲಿಲ್ಲ ಸಾರ್?"

"ನೀವು ಕರೆದೇ ಇಲ್ಲವಲ್ಲ!"

"ಗುಂಪಿನಲ್ಲಿ ಹಾಕಿತ್ತು. ನೀವು ಹೆಬ್ಬೆರಳು ತೋರಿಸಿದಿರಿ."

"ಅದು ಸುದ್ದಿ ಓದಿದೆ, ಸಂತೋಷವಾಯಿತು ಅಂತ. ಸುದ್ದಿ ಬೇರೆ, ಕರೆಯೋದು ಬೇರೆ ಅಲ್ವೇನ್ರೀ?"

ಅವರ ಹೆಂಡತಿ ಒಳಗಿನಿಂದಲೇ ಹೇಳಿದರು: "ಮನೆಗೆ ಬಂದು ಕುಂಕುಮ ಇಟ್ಟು, ಅಕ್ಷತೆ ಕೊಟ್ಟು ಕರೆದರೆ ಅದು ಕರೆದ ಹಾಗೆ. ಕರೆಯದೆ ಹೋಗೋಕೆ ನಾವೇನು ಗತಿ ಇಲ್ಲದವರಾ?"

ಮನೆ ಮನೆ ಸುತ್ತಿದೆ. ಎಲ್ಲ ಕಡೆ ಇದೇ ಉತ್ತರ. ನನಗೆ ಸಿಟ್ಟು ಬಂದಿದ್ದು ಅದಕ್ಕಲ್ಲ, ಆ ತಾಯಿ ಹೇಳಿದ್ದು ಸರಿ ಎಂದು ಅನಿಸಿದ್ದಕ್ಕೆ. ಜಗಳವಾಡಲು ಹೋದವನಿಗೆ ಎದುರಿನವರ ಮಾತು ಸರಿ ಎನಿಸುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ಅಂದು ಅವರ ಬಾಗಿಲಿನಿಂದ ಏಳುವಾಗ ಪ್ರೊಫೆಸರರು ಮೆಲ್ಲಗೆ ಕೇಳಿದ್ದರು: "ಅವಲಕ್ಕಿ ಏನಾದರೂ ಉಳಿದಿದೆಯಾ?"

ಗೂಳಿಯ ಅಭಿಮಾನಿಗಳು

ಅಧ್ಯಕ್ಷರು ಬಗ್ಗಲಿಲ್ಲ. ಕಂಟೋನ್ಮೆಂಟಿನಲ್ಲಿ ಆಫೀಸಿಟ್ಟಿದ್ದ ಒಬ್ಬ ಮಾರ್ಕೆಟಿಂಗ್ ತಜ್ಞನನ್ನು ಕರೆತಂದರು. ಅವನ ಭುಜದ ನೋವನ್ನು ಇವರು ವಾಸಿ ಮಾಡಿದ್ದರಂತೆ, ಅದಕ್ಕೆ ಪುಕ್ಕಟೆ ಸೇವೆ. ಬಂದವನೇ ಹಿಂದಿಯಲ್ಲಿ ಕೇಳಿದ:

"ನಿಮಗೆ ಯಾರು ಬೇಕು?"

"ಊರಿನ ಕನ್ನಡದವರು."

"ಬರೀ ಅವರಾ? ಇಡೀ ದೇಶಕ್ಕೆ ಮುಟ್ಟಿಸ್ತೀನಿ."

"ಇಡೀ ದೇಶವನ್ನು ಆ ಕೋಣೆಯಲ್ಲಿ ಎಲ್ಲಿ ಕೂರಿಸ್ತೀಯಪ್ಪಾ?" ಎಂದೆ. ಅವನು ನನ್ನನ್ನು ಬಿಟ್ಟು ಅಧ್ಯಕ್ಷರ ಕಡೆ ತಿರುಗಿದ.

ರೀಲ್ ಮಾಡುವುದೆಂದಾಯಿತು. ಗಲ್ಲಿಯಲ್ಲಿ ಹಳದಿ ಕೆಂಪು ಬ್ಯಾನರ್ ಕಟ್ಟಿ, ಎರಡೂ ಬದಿಗೆ ಬಾಳೆಕಂದು ನಿಲ್ಲಿಸಿದೆವು. ಅಧ್ಯಕ್ಷರು ರೇಷ್ಮೆ ಶಲ್ಯ ಹೊದ್ದು, ಕನ್ನಡದ ಹಿರಿಮೆಯ ಬಗ್ಗೆ ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡಿದರು. ಹಿಂದಿನಿಂದ ಗಲ್ಲಿಯ ಗೂಳಿ ನಿಧಾನವಾಗಿ ನಡೆದು ಬಂತು. ಎಡಗಡೆಯ ಬಾಳೆಕಂದನ್ನು ಪೂರ್ತಿ ತಿಂದಿತು. ಬಲಗಡೆಗೆ ಹೋಗಿ ಅದನ್ನೂ ಮುಗಿಸಿತು. ಆಮೇಲೆ ಅಧ್ಯಕ್ಷರ ಶಲ್ಯದ ತುದಿಯನ್ನು ಬಾಯಿಗೆ ಹಾಕಿಕೊಂಡು, ಮಾತು ಕೇಳುವವರ ಹಾಗೆ ತಲೆ ಆಡಿಸಿತು. ಹೀಗಿರುವಾಗಲೂ ಅಧ್ಯಕ್ಷರು ಮಾತು ನಿಲ್ಲಿಸಲಿಲ್ಲ. ಅದೊಂದು ಕಾರಣಕ್ಕೆ ಅವರ ಮೇಲೆ ನನಗೆ ಗೌರವ.

ರೀಲ್ ಊರೆಲ್ಲ ಓಡಿತು. ಗಲ್ಲಿಗೆ ಅಪರಿಚಿತರು ಬರತೊಡಗಿದರು. "ಆ ನಂದಿ ಮಹಾರಾಜರು ಎಲ್ಲಿ ಸಿಗ್ತಾರೆ?" ಎಂದು ಸೇಠ್‌ಜೀಯನ್ನು ಕೇಳುವರು, ಗೂಳಿಗೆ ಬೆಲ್ಲ ತಿನ್ನಿಸಿ ಫೋಟೋ ತೆಗೆಸಿಕೊಂಡು ಹೋಗುವರು. ಮೆಟ್ಟಿಲು ಹತ್ತಿದವರು ಯಾರೂ ಇಲ್ಲ.

"ಭಾರೀ ಯಶಸ್ಸು," ಎಂದ ತಜ್ಞ. "ಮುಂದಿನ ಸಲ ಅಧ್ಯಕ್ಷರು ಬೇಡ. ಗೂಳಿ ಒಂದೇ ಸಾಕು."

ಕೋಣೆ ತುಂಬಿದ್ದು

ರಾಜ್ಯೋತ್ಸವ ಹತ್ತಿರ ಬಂತು. ಅಕ್ಷತೆ ಕೊಡದಿದ್ದರೆ ಯಾರೂ ಬರುವುದಿಲ್ಲ ಎಂದು ನಾನು ಸಭೆಯಲ್ಲಿ ಮೇಜು ಕುಟ್ಟಿದೆ. ತಜ್ಞ ಎಲ್ಲವನ್ನೂ ಶಾಂತವಾಗಿ ಕೇಳಿ, "ಇಷ್ಟೇನಾ?" ಎಂದ. ಬೆಳ್ಳಿ ತಟ್ಟೆಯಲ್ಲಿ ಅಕ್ಷತೆ, ಪಕ್ಕದಲ್ಲಿ ಕುಂಕುಮದ ಬಟ್ಟಲು, ಮಿನುಗುವ ದೀಪ, ಎಲ್ಲ ಇರುವ ಒಂದು ಫೋಟೋ ಮಾಡಿ ಗುಂಪಿಗೆ ಹಾಕಿದ. ಅದರ ಕೆಳಗೆ ಲೈವ್ ಲಿಂಕು. ಅಂದರೆ ಮನೆಯಲ್ಲಿ ಕೂತೇ ನೋಡಬಹುದು! ಅಧ್ಯಕ್ಷರ ಭಾಷಣ ಕೂಡ ಅವರ ಮನೆಯಿಂದಲೇ.

"ಸೇಠ್‌ಜೀ ನೋಡಲು ಬರೋದು ಲಿಂಕನ್ನಲ್ಲ, ಕೋಣೆಯನ್ನ" ಎಂದು ಕೂಗಿದೆ. "ಹಾಗಾದರೆ ನಾನೇ ಮನೆ ಮನೆಗೆ ಹೋಗ್ತೀನಿ."

"ದಯವಿಟ್ಟು ನೀವು ಹೋಗಬೇಡಿ," ಎಂದರು ಅಧ್ಯಕ್ಷರು. "ನೀವು ಅಕ್ಷತೆ ಕೊಟ್ಟರೆ ಜನ ಅದನ್ನ ನೋಟಿಸು ಅಂದ್ಕೋತಾರೆ."

ಮರುದಿನ ಬೆಳಗ್ಗೆ ಟೀಚರಮ್ಮ ಇಳಕಲ್ ಸೀರೆ ಉಟ್ಟು, ತಟ್ಟೆಯಲ್ಲಿ ಅಕ್ಷತೆ ಕುಂಕುಮ ಇಟ್ಟುಕೊಂಡು ನನ್ನನ್ನು ಕರೆದರು. "ಬರ್ರಿ, ನೀವು ಬಾಯಿ ಮುಚ್ಚಿಕೊಂಡು ಹಿಂದ ನಿಂದರ್ರಿ, ಸಾಕು. ನಾವು ಇರೋ ಜಾಗದ ಯಜಮಾನರನ್ನ ಮೊದಲ ಕರೀಬೇಕು."

ಅಂಗಡಿಯ ಹಿಂದೆಯೇ ಸೇಠ್‌ಜೀ ಮನೆ. ಟೀಚರಮ್ಮ ಅವರ ಮುದಿ ತಾಯಿಗೆ ಕುಂಕುಮ ಇಟ್ಟರು, ಹೆಂಡತಿಗೆ ಇಟ್ಟರು, ಸೊಸೆಯಂದಿರಿಗೆ ಇಟ್ಟರು. ಎಲ್ಲರ ಕೈಗೂ ಅಕ್ಷತೆ ಕೊಟ್ಟು, ತಮ್ಮ ಹರಕು ಹಿಂದಿಯಲ್ಲಿ, "ಸಪರಿವಾರ್ ಆನಾ, ಊಟಕ್ಕೆ ಆನಾ" ಎಂದರು. ಮುದುಕಿ ಅಕ್ಷತೆಯನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಅಲ್ಲಿಂದ ಗಲ್ಲಿಗೆ ಬರುವಷ್ಟರಲ್ಲಿ ಟೀಚರಮ್ಮನ ಮೊಣಕಾಲು ಮಾತು ಕೇಳಲಿಲ್ಲ. ಬೇರೆ ಯಾವ ಮನೆಗೂ ಹೋಗಲಾಗಲಿಲ್ಲ.

ರಾಜ್ಯೋತ್ಸವದ ದಿನ. ಬಾವುಟ ಏರಿಸಿದೆವು. ತಾಯಿತಂದೆಯರು ಮಕ್ಕಳನ್ನು ಮಾತ್ರ ಟೋಟೋ ಎಂಬ ಬ್ಯಾಟರಿ ರಿಕ್ಷಾದಲ್ಲಿ ಕಳಿಸಿ ತಾವು ಮನೆಯಲ್ಲೇ ಉಳಿದರು. ಕೋಣೆಯಲ್ಲಿ ಆ ಬೆರಳೆಣಿಕೆಯ ಮಕ್ಕಳು, ಟೀಚರಮ್ಮ, ನಾನು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ತಜ್ಞನ ಫೋನು. ಹಿಂದಿನ ಮೂಲೆಯಲ್ಲಿ ಹೋಳಿಗೆಯ ದೊಡ್ಡ ಬುಟ್ಟಿ. ಟೀಚರಮ್ಮ ಖಾಲಿ ಜಮಖಾನೆಯನ್ನು ಒಮ್ಮೆ ನೋಡಿ, ಗೋಡೆಯ ಮೇಲಿನ ಅಕ್ಷರಮಾಲೆಯ ಪಟವನ್ನು ಇಳಿಸಿ ಸುತ್ತಿಡಲು ಹೋದರು. "ಇರ್ಲಿ ಬಿಡ್ರಿ ಅದು" ಎಂದೆ.

ಮೆಟ್ಟಿಲ ಮೇಲೆ ಸದ್ದಾಯಿತು. ಒಬ್ಬರ ಸದ್ದಲ್ಲ, ಮದುವೆ ದಿಬ್ಬಣದ ಸದ್ದು. ಮೊದಲು ಕುರ್ಚಿಯ ಮೇಲೆ ಕೂತು ಮುದುಕಿ ಬಂದಳು, ಇಬ್ಬರು ಎತ್ತಿಕೊಂಡಿದ್ದರು. ಅವಳ ಹಿಂದೆ ಸೇಠ್‌ಜೀ, ಹೆಂಡತಿ, ಸೊಸೆಯಂದಿರು, ಮೊಮ್ಮಕ್ಕಳು, ಮಿರ್ಜಾಪುರದಿಂದ ಬಂದಿದ್ದ ಬೀಗರು, ಅಂಗಡಿಯ ನೌಕರರು, ಕೊನೆಗೆ ಎದುರಿನ ಪಾನ್ ಅಂಗಡಿಯವನು.

"ಅಮ್ಮ ಒಂದೇ ಹಟ ಹಿಡಿದಳು," ಎಂದರು ಸೇಠ್‌ಜೀ. "ಅಕ್ಷತೆ ಕೈಗೆ ಕೊಟ್ಟ ಮೇಲೆ ಹೋಗದೆ ಇರೋದು ಪಾಪ, ಎಲ್ಲರೂ ನಡೀರಿ ಅಂದಳು."

ಮಕ್ಕಳು ಹಾಡಿದರು. ಮುದುಕಿಗೆ ಒಂದಕ್ಷರ ತಿಳಿಯಲಿಲ್ಲ, ತಾಳ ಮಾತ್ರ ಸರಿಯಾಗಿ ಹಾಕಿದಳು. ಟೀಚರಮ್ಮ ಬಡಿಸಲು ನಿಂತರು. ನಾನು ಸೇಠ್‌ಜೀ ಎದುರು ಹೋಗಿ ಕೇಳಿದೆ:

"ಸೇಠ್‌ಜೀ, ಕೋಣೆ ತುಂಬಿದೆಯೋ ಇಲ್ಲವೋ?"

ಅವರು ತಮ್ಮ ತಾಯಿಯನ್ನು ನೋಡಿದರು, ಬೀಗರನ್ನು ನೋಡಿದರು, ಹೋಳಿಗೆಗೆ ಎರಡನೇ ಸಲ ಕೈ ಚಾಚಿದ ಪಾನ್‌ವಾಲಾನನ್ನು ನೋಡಿದರು.

"ತುಂಬಿದೆ ಗುರು. ಆದರೆ ಇವರೆಲ್ಲ ನಮ್ಮವರೇ ಅಲ್ಲವಾ?"

"ಯಾರಿಂದ ತುಂಬಬೇಕು ಅಂತ ನೀವು ಹೇಳಿರಲಿಲ್ಲ."

ಮುದುಕಿ ತುಪ್ಪದ ಬಾಯಿ ಒರೆಸಿಕೊಂಡು ಮಗನನ್ನು ದುರುಗುಟ್ಟಿದಳು. ಸೇಠ್‌ಜೀ ನಕ್ಕುಬಿಟ್ಟರು. "ಕೊಟ್ಟ ಮಾತು ಕೊಟ್ಟದ್ದೇ. ಕೋಣೆ ನಿಮ್ಮದು." ಟೀಚರಮ್ಮ ಪಟದ ಹತ್ತಿರ ಹೋಗಿ, ಸಡಿಲವಾಗಿದ್ದ ಮೊಳೆಯನ್ನು ಅಂಗೈಯಿಂದ ಒತ್ತಿ ಗಟ್ಟಿ ಮಾಡಿದರು.

ಇದೆಲ್ಲ ಲೈವ್‌ನಲ್ಲಿ ಹೋಗುತ್ತಿತ್ತು ಎಂಬುದು ನಮಗೆ ಮರೆತೇ ಹೋಗಿತ್ತು. ತಮ್ಮ ರಾಜ್ಯೋತ್ಸವದ ಹೋಳಿಗೆಯನ್ನು ಪರರು ತಿನ್ನುವುದನ್ನು ಊರಿನ ಕನ್ನಡದವರೆಲ್ಲ ಮನೆಯಲ್ಲಿ ಕೂತು ನೋಡಿದ್ದರು. ಕ್ವಾರ್ಟರ್ಸ್‌ನಿಂದ, ಅಸ್ಸಿಯಿಂದ ಸಿಕ್ಕಿದ ಆಟೋ ಹತ್ತಿ, ಗಲ್ಲಿಯಲ್ಲಿ ಓಡಿ ಬಂದರು. ಅಕ್ಷತೆಯ ಮಾತು ಒಬ್ಬರೂ ಎತ್ತಲಿಲ್ಲ. ಪ್ರೊಫೆಸರರು, ಅವರ ಹೆಂಡತಿ, ಕಾರ್ಯದರ್ಶಿ, ಎಲ್ಲರೂ ಮೆಟ್ಟಿಲ ಮೇಲೆ ಒಬ್ಬರ ಹಿಂದೊಬ್ಬರು ನಿಂತು ಕತ್ತು ಉದ್ದ ಮಾಡುತ್ತಿದ್ದರು. ಎಲ್ಲರಿಗಿಂತ ಮುಂದೆ ಅಧ್ಯಕ್ಷರು, ಕೈಯಲ್ಲಿ ಭಾಷಣದ ಚೀಟಿ.

ಸೇಠ್‌ಜೀ ಬಾಗಿಲಿಗೆ ಅಡ್ಡ ನಿಂತು, ಅತ್ಯಂತ ವಿನಯದಿಂದ ಕೈ ಮುಗಿದರು.

"ಡಾಕ್ಟರ್ ಸಾಹೇಬ್, ಒಳಗೆ ಕಾಲಿಡಲು ಜಾಗವಿಲ್ಲ. ದಯವಿಟ್ಟು ಮನೆಗೆ ಹೋಗಿ ಮೊಬೈಲಿನಲ್ಲಿ ನೋಡಿಬಿಡಿ."