ಗಲ್ಲಿ ಅಗಲವಾದದ್ದು ಹೀಗೆ

ಸರ್ವೆ ಮೆಷಿನ್ ತಗೊಂಡು ಹೋಗಿ ಯಾವುದಾದರೂ ಬೀದಿಯಲ್ಲಿ ನಿಲ್ಲಿಸಿ ನೋಡಿ, ಒಂದಲ್ಲ ಒಂದು ತಮಾಷೆ ನಡೆಯದಿದ್ದರೆ ನನ್ನನ್ನು ಕೇಳಿ. ಸವಳಂಗ ರಸ್ತೆಯ ಆಫೀಸಿನಲ್ಲಿ ಕೂತು ಕಂಡವರ ಅಡುಗೆಮನೆ, ದೇವರಮನೆ ಬರೆದು ಬರೆದು ಬೇಸತ್ತಿದ್ದ ಆರ್ಕಿಟೆಕ್ಟ್ ನಾನು. ಭದ್ರಾವತಿಯ ಒಂದು ಗಲ್ಲಿಯ ಕೊನೆಗೆ ಸಾರ್ವಜನಿಕ ಲೈಬ್ರರಿ ಮಾಡುವ ಕೆಲಸ ಸಿಕ್ಕಾಗ ಕುಣಿದಾಡಿಬಿಟ್ಟೆ. ಕೆಳಗೆ ದೊಡ್ಡವರಿಗೆ, ಮೇಲಿನ ಮಹಡಿ ಪೂರ್ತಿ ಮಕ್ಕಳಿಗೆ. ಆ ಮಹಡಿ ಅಂದರೆ ನನಗೆ ಜೀವ.

ಅಜ್ಜಿಯ ತಯಾರಿ

ಮೊದಲ ದಿನ ನಮ್ಮ ಸರ್ವೆಯರ್ರು ಗಲ್ಲಿಯ ಕೊನೆಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅದರ ಮೇಲೆ ಮೆಷಿನ್ ಕೂರಿಸಿದರು. ಎದುರು ಜಗಲಿಯಲ್ಲಿ ಒಬ್ಬ ಅಜ್ಜಿ.

"ಅಜ್ಜಿ, ಅಡ್ಡ ಬರ್ತೀರ, ಸ್ವಲ್ಪ ಏಳ್ತೀರಾ?"

ಅಜ್ಜಿ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸರ್ವೆಯರ್ರು ಮೆಷಿನ್ನಿಗೆ ಕಣ್ಣಿಟ್ಟರೆ, ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಅಜ್ಜಿ ಅಲ್ಲೇ ಹಾಜರ್! "ಹ್ಞೂಂ, ಈಗ ತೆಗಿಯಪ್ಪ."

ಇದು ಫೋಟೋ ಮೆಷಿನ್ ಅಲ್ಲ ಅಂತ ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ, ಕಟ್ಟೆ ಮೇಲಿಟ್ಟಿದ್ದ ಸರ್ವೆಯರ್ರ ಬುತ್ತಿಯನ್ನು ಬೀದಿನಾಯಿ ಎಳಕೊಂಡು ಹೋಯ್ತು. "ಹೆಂಡ್ತಿ ಮಾಡಿದ ಚಿತ್ರಾನ್ನ ಮೇಡಂ!" ಪಾಪ, ಮುಖ ಇಷ್ಟು ಸಣ್ಣ ಮಾಡಿಕೊಂಡರು.

ಅಜ್ಜಿಯೇ ಸಮಾಧಾನ ಹೇಳಿದರು: "ಹೋಗ್ಲಿ ಬಿಡಪ್ಪ, ನನ್ನ ಫೋಟೋ ಚೆನ್ನಾಗಿ ಬಂತಲ್ಲ."

ವಿಮಾನದಲ್ಲಿ ಬಂದವರು

ಮೊದಲ ನಕ್ಷೆ ತೋರಿಸೋಕೆ ಬೀದಿಯವರ ಸಭೆ ಕರೆದೆವು. ಒಬ್ಬ ಮುಖಂಡರು ಎದ್ದು, "ಎಲ್ಲಾ ಸರಿ ಮೇಡಂ, ಆದ್ರೆ ಏರ್‌ಪೋರ್ಟ್ ಥರ ಕಾಣ್ಬೇಕು. ಸೋಗಾನೇಲಿ ವಿಮಾನ ಇಳಿದೋರು ಇಲ್ಲಿಗೆ ಬಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?" ಅಂದರು.

ಫ್ಯಾಕ್ಟರಿಯಿಂದ ರಿಟೈರ್ ಆದ ಒಬ್ಬರು ರೇಗಿದರು: "ಮಾರಾಯ, ವಿಮಾನದಲ್ಲಿ ಬಂದೋನು ನಿನ್ನ ಗಲ್ಲೀಲಿ ಪೇಪರ್ ಓದ್ತಾನಾ?" ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಪೇಪರ್ ಓದೋ ರೂಮಿನ ಕಿಟಕಿ ಮಾತ್ರ ರಸ್ತೆಗಿರ್ಲಿ" ಅಂದರು.

"ಬೆಳಕಿಗಾ ಸಾರ್?"

"ಬೆಳಕು ಯಾರಿಗೆ ಬೇಕು? ಯಾರು ಎಲ್ಲಿಗೆ ಹೋಗ್ತಾರೆ ಅಂತ ಗೊತ್ತಾಗೋದು ಬೇಡ್ವಾ?"

ಕಾಫಿ ಕುಡೀರಿ

ಅಷ್ಟರಲ್ಲಿ ನಕ್ಷೆ ಮಂಜೂರು ಮಾಡಬೇಕಾದ ಎಂಜಿನಿಯರ್ ಬಾಂಬ್ ಹಾಕಿದರು. "ಗಲ್ಲಿ ಬಾಯಲ್ಲಿ ಬೆಂಕಿ ಆರಿಸೋ ಗಾಡಿ ತಿರುಗಲ್ಲ. ಮೇಲಿನ ಮಹಡಿ ಮರೆತುಬಿಡಿ." ನನ್ನ ಹೊಟ್ಟೆ ಉರಿದುಹೋಯ್ತು. ಗಲ್ಲಿ ಸಣ್ಣದೇನಲ್ಲ. ಬಾಯಲ್ಲಿರುವ ಇಡ್ಲಿ ಹೋಟೆಲ್ಲಿನವನು ಮೆಟ್ಟಿಲು, ತಗಡಿನ ಶೀಟು ಎರಡನ್ನೂ ರಸ್ತೆಗೇ ಚಾಚಿದ್ದ. ಅವನನ್ನು ನೋಡಿ ಅಕ್ಕಪಕ್ಕದ ಅಂಗಡಿಯವರೂ ಚಾಚಿದ್ದರು.

ಟೊಂಕ ಕಟ್ಟಿಕೊಂಡು ಜಗಳಕ್ಕೆ ಹೋದೆ. "ಇದು ನಮ್ಮಪ್ಪ ಕಟ್ಟಿಸಿದ ಮೆಟ್ಟಿಲು ಮೇಡಂ, ಒಂದಿಂಚೂ ಒಡೆಯಲ್ಲ. ಕಾಫಿ ಕುಡೀರಿ" ಅಂದ. ಮತ್ತೆ ಹೋದೆ, ಮತ್ತೆ ಕಾಫಿ. ಹಾಳಾದ್ದು ಕಾಫಿ ಬಹಳ ಚೆನ್ನಾಗಿತ್ತು, ಅದೇ ಇನ್ನೂ ಉರಿ.

ಮೆಷಿನ್ನಿನ ಮಹಿಮೆ

ಕೊನೆಗೆ ಒಂದು ಬೆಳಿಗ್ಗೆ, ಎಷ್ಟು ಜಾಗ ಕಡಿಮೆ ಬೀಳುತ್ತೆ ನೋಡೋಣ ಅಂತ ಸರ್ವೆಯರ್ರನ್ನು ಕಳಿಸಿದೆ. ಮಧ್ಯಾಹ್ನ ಎಂಜಿನಿಯರ್ರನ್ನು ಕಾಡಿ ಬೇಡಿ ಕರಕೊಂಡು ಹೋದರೆ, ಏನು ನೋಡೋದು! ಹೋಟೆಲ್ಲಿನವನು ತಾನೇ ಸುತ್ತಿಗೆ ಹಿಡಿದು ಅಪ್ಪನ ಮೆಟ್ಟಿಲು ಒಡೀತಿದ್ದಾನೆ! ಶೀಟು ಆಗಲೇ ಕೆಳಗಿಳಿದಿದೆ. ಪಕ್ಕದ ಅಂಗಡಿಯವರು ಗಡಿಬಿಡಿಯಲ್ಲಿ ಕಟ್ಟೆ ಕೀಳ್ತಿದ್ದಾರೆ. ಎದುರಿಗೆ ಸ್ಟ್ಯಾಂಡ್, ಅದರ ನೆತ್ತಿ ಮೇಲೆ ಟವೆಲ್ ಹೊದ್ದ ಮೆಷಿನ್. ನೆರಳಲ್ಲಿ ಸರ್ವೆಯರ್ರು ತೂಕಡಿಸ್ತಿದ್ದಾರೆ.

"ಆ ಮೆಷಿನ್ ಕಣ್ಣಿಗೆ ಬಿದ್ದೋರ ಮನೆಗೆ ಜೆಸಿಬಿ ಬರುತ್ತಂತಲ್ಲ ಮೇಡಂ" ಅಂತ ಹೋಟೆಲ್ಲಿನವನು ಬೆವರು ಒರೆಸಿಕೊಂಡ. "ಬೆಳಿಗ್ಗೆಯಿಂದ ನನ್ನನ್ನೇ ನೋಡ್ತಿದೆ. ಈಗ ನಮ್ದು ಕ್ಲಿಯರ್ ಅಲ್ವಾ?"

ಎಂಜಿನಿಯರ್ರು ಟೇಪ್ ಹಿಡಿದು ಅಳೆದರು. ತಲೆ ಕೆರೆದುಕೊಂಡು ಇನ್ನೊಮ್ಮೆ ಅಳೆದರು. "ಗಾಡಿ ಆರಾಮಾಗಿ ತಿರುಗುತ್ತೆ ಮೇಡಂ. ಮಹಡಿ ಕಟ್ಕೊಳ್ಳಿ!" ನಡುಬೀದಿಯಲ್ಲೇ ಶಿಳ್ಳೆ ಹೊಡೆಯೋಣ ಅನ್ನಿಸಿತು.

ಸದ್ದಿಗೆ ಎಚ್ಚರಾದ ಸರ್ವೆಯರ್ರು ಎದ್ದು ಬಂದು ಟವೆಲ್ ತೆಗೆದರು. ಒಳಗಿದ್ದದ್ದು ಸ್ಟೀಲಿನ ಬುತ್ತಿ ಕ್ಯಾರಿಯರ್!

"ಮೆಷಿನ್ ಎಲ್ರೀ?" ಅಂದೆ.

"ಬಿಸಿಲು ಅಂತ ಆಗಲೇ ಕಾರಲ್ಲಿಟ್ಟೆ ಮೇಡಂ. ಚಿತ್ರಾನ್ನ ಆ ನಾಯಿಗೆ ಎಟಕಬಾರ್ದು ಅಂತ ಇದನ್ನ ಮೇಲಿಟ್ಟೆ." ಮುಚ್ಚಳ ತೆಗೆದು ಅಲ್ಲೇ ನಿಂತು ತಿನ್ನತೊಡಗಿದರು.

ಹೋಟೆಲ್ಲಿನವನು ಸುತ್ತಿಗೆ ಕೆಳಗಿಟ್ಟ. ಒಮ್ಮೆ ಚಿತ್ರಾನ್ನ ನೋಡಿದ, ಒಮ್ಮೆ ಒಡೆದ ಮೆಟ್ಟಿಲು ನೋಡಿದ. ಈಗ ಜಗಳ ಗ್ಯಾರಂಟಿ ಅಂದುಕೊಂಡೆ.

"ಮೆಟ್ಟಿಲು ಹೋಗ್ಲಿ ಮೇಡಂ," ಅಂದ. "ನನ್ನ ಹೋಟೆಲ್ ಎದುರು ನಿಂತು ಮನೆ ತಿಂಡಿ ತಿಂತಾರಲ್ಲ, ಅದೇ ಬೇಜಾರು!"