ಏಕಾದಶಿಯ ದಿನ ಕೆಂಪಾದ ಸಾಣೆಕಲ್ಲು

ಕಲ್ಲನ್ನು ದಿಟ್ಟಿಸುತ್ತ ಕೂರುವ ಗಂಡಸಿಗೆ ಮನೆಯಲ್ಲಿ ಕವಡೆಕಾಸಿನ ಮರ್ಯಾದೆಯೂ ಇರುವುದಿಲ್ಲ. ನನಗೂ ಇರಲಿಲ್ಲ. ಮದರಾಸಿನಲ್ಲಿ ಟ್ರಾಮುಗಳು ಆಗತಾನೇ ನಿಂತಿದ್ದವು, ನಾವು ತಿರುವಲ್ಲಿಕ್ಕೇಣಿಯಲ್ಲಿದ್ದೆವು. ಸಂಡೂರಿನ ಕಡೆಯಿಂದ ಬಂದ ಸ್ನೇಹಿತನೊಬ್ಬ ನನಗೊಂದು ಬೆಣಚುಕಲ್ಲು ಕೊಟ್ಟಿದ್ದ. ಹಾಲಿನಂಥ ಬಿಳುಪಿನ ಮೇಲೆ ಕಪ್ಪಗೆ ಮಿನುಗುವ ಸಣ್ಣ ಎಸಳುಗಳು ಬೆಳೆದಿದ್ದವು. ಸಂಜೆ ಕಡಲ ಗಾಳಿ ಬೀಸುವಾಗ ಕಿಟಕಿಯ ಬಳಿ ಅದನ್ನು ಹಿಡಿದು ಕೂತರೆ, ಯಾವುದೋ ಬೆಟ್ಟದ ಬಿರುಕಿನಲ್ಲಿ ಕಬ್ಬಿಣ ಕರಗಿದ ನೀರು ಮೆಲ್ಲಮೆಲ್ಲಗೆ ಜಿನುಗುತ್ತ, ಯಾವ ಅವಸರವೂ ಇಲ್ಲದೆ ಎಸಳಿನ ಮೇಲೆ ಎಸಳು ಪೋಣಿಸುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಹೆಂಡತಿ ಕರೆದದ್ದು ಮಾತ್ರ ಕೇಳುತ್ತಿರಲಿಲ್ಲ.

ಕಬ್ಬಿಣದ ಅದಿರೇನೋ ಸರಿ, ಆದರೆ ಯಾವುದು? ಬಣ್ಣಕ್ಕೆ ಮೋಸಹೋಗಬೇಡಿ, ಒರಟಾದ ಬಿಳಿಯ ವಸ್ತುವಿನ ಮೇಲೆ ಉಜ್ಜಿ ನೋಡಿ ಎಂದಿತು ನನ್ನಲ್ಲಿದ್ದ ಕಲ್ಲುಗಳ ಪುಸ್ತಕ. ಪುಡಿ ಕೆಂಪಾದರೆ ಹೆಮಟೈಟ್, ಹಳದಿಗಂದಾದರೆ ಗೋಥೈಟ್. ಮನೆಯಲ್ಲಿ ಒರಟಾಗಿ ಬೆಳ್ಳಗಿದ್ದದ್ದು ಮಾವನವರ ಪೂಜೆಯ ಸಾಣೆಕಲ್ಲು ಒಂದೇ. ಬೆಳಗ್ಗೆ ಅದರ ಅಂಚಿಗೆ ಉಜ್ಜಿದೆ. ಅಬ್ಬಾ, ಕರೀ ಎಸಳಿನಿಂದ ಕೆಂಪು ಗೆರೆ! ಸಾಣೆಕಲ್ಲು ತೊಳೆಯುವುದನ್ನೂ ಮರೆತು, ತೇಲಿಕೊಂಡೇ ಹೋಟೆಲಿನ ಕಡೆ ನಡೆದೆ.

ನಮ್ಮ ಮಾಧ್ವರ ಹಣೆ ನೋಡಿದರೆ ಹೊಟ್ಟೆಯ ಸಮಾಚಾರ ತಿಳಿಯುತ್ತದೆ. ಇದ್ದಿಲು ತೇದ ಕಪ್ಪು ಗೆರೆ, ಊಟವಾದ ದಿನ ಅದರ ಕೆಳಗೆ ಅಕ್ಷತೆಯ ಕೆಂಪು ಬೊಟ್ಟು. ಉಪವಾಸದ ಏಕಾದಶಿಯಂದು ಕಪ್ಪು ಮಾತ್ರ. ಅಂದು ಏಕಾದಶಿ. ಮಾವ ಅದೇ ಕಲ್ಲಿನ ಮೇಲೆ ಇದ್ದಿಲು ತೇದು, ಕನ್ನಡಕವಿಲ್ಲದೆ ಗೆರೆ ಎಳೆದುಕೊಂಡು ಮಠಕ್ಕೆ ಹೋದರು. ನನ್ನ ಹೆಮಟೈಟ್ ಬೆರಳಿಗೆ ಅಂಟಿ, ಗೆರೆಯ ತುದಿಗೆ ಬೊಟ್ಟಾಗಿತ್ತು.

“ಏನ್ ಆಚಾರ್ರೇ, ಏಕಾದಶಿ ದಿನ ಸಾಪಾಟು ಆಗೋಯ್ತಾ?” ಎಂದು ಮಠದಲ್ಲಿ ನಕ್ಕರಂತೆ. ತೊಟ್ಟು ನೀರೂ ಮುಟ್ಟದ ಜೀವ, ಕಣ್ತುಂಬಿಕೊಂಡು ಮನೆಗೆ ಬಂತು. ಸಾಣೆಕಲ್ಲು ಕೆಂಪಾದದ್ದು ನನ್ನಿಂದಲೇ ಎಂದು ಒಪ್ಪಿಕೊಂಡಾಗ ಮಾವ ಹಠ ಹಿಡಿದರು.

“ಬುದ್ಧಿ ಬಂದಾಗಿಂದ ಒಂದು ಏಕಾದಶಿ ಬಿಟ್ಟೋನಲ್ಲ ಕಣಯ್ಯ! ನಡಿ, ನೀನೇ ಬಂದು ಹೇಳು!”

ಕಲ್ಲುಗಳೆರಡನ್ನೂ ಹೊತ್ತು ಹೋಗಿ, ಎಲ್ಲರೆದುರು ಉಜ್ಜಿ ತೋರಿಸಿದೆ. ಕೆಂಪು ಗೆರೆ ಕಂಡು ಸಭೆ ತಲೆದೂಗಿತು. ಮಾವನವರ ಮುಖ ಅರಳಿತು.

“ಭೇಷ್! ಆಚಾರ್ರ ಉಪವಾಸ ಗಟ್ಟಿ,” ಎಂದ ಅಲ್ಲಿನ ಹಿರಿಯರೊಬ್ಬರು ಅಳಿಯನಾದ ನನ್ನತ್ತ ತಿರುಗಿದರು. “ಬಿಳೀ ಕಲ್ಲಿನ ಮೇಲೆ ಕಪ್ಪಗಿರೋದು ಏನೂಂತ ಎಷ್ಟು ಚೆನ್ನಾಗಿ ಹೇಳಿದ್ರಿ ಮಾಪಿಳ್ಳೆ! ಹಂಗೇ ನಿಮ್ಮ ಬಿಳೀ ಜುಬ್ಬದ ಮೇಲೆ ಕಪ್ಪಗಿರೋದೂ ಏನೂಂತ ಹೇಳ್ಬಿಡಿ.”

ಬಗ್ಗಿ ನೋಡಿಕೊಂಡೆ. ಬೆಳಗ್ಗೆ ಹೋಟೆಲಿನಲ್ಲಿ ತಿಂದ ದೋಸೆಯ ಚಟ್ನಿಯಿಂದ ಹಾರಿದ ಸಾಸಿವೆಕಾಳು. ಅದನ್ನು ಉಜ್ಜಿ ನೋಡಬೇಕೆಂದು ಯಾರೂ ಕೇಳಲಿಲ್ಲ.